ಜೋಡಿ ಗಾಜಿನ ಕಿಟಕಿಯೊಳಗೆ ಮಂಜು: ತೂತು ಕೊರೆದರೆ ಹೋಗುತ್ತದೆಯೇ?

ಎರಡು ಗಾಜಿನ ನಡುವೆ ಮಂಜು ಕಟ್ಟಿದರೆ ಸಣ್ಣ ತೂತು ಕೊರೆದು ಹೇರ್ ಡ್ರೈಯರ್ ಹಿಡಿಯಿರಿ ಎಂಬ ಸಲಹೆ ನಿಮಗೂ ಬಂದಿರಬಹುದು. ಹಾಗೆ ಮಾಡಬೇಡಿ ಎನ್ನುತ್ತೇವೆ ನಾವು.

ಮೊದಲು ಗಾಜನ್ನು ಎರಡೂ ಬದಿಯಿಂದ ಒರೆಸಿ ನೋಡಿ. ಮಂಜು ಹೋದರೆ ಕಿಟಕಿ ಕೆಟ್ಟಿಲ್ಲ. ಹೋಗದಿದ್ದರೆ ಅಂಚಿನ ಸೀಲ್ ಬಿಟ್ಟಿದೆ. ಗಾಜುಗಳ ನಡುವಿನ ಪಟ್ಟಿಯಲ್ಲಿ ತೇವ ಹೀರುವ ಹರಳುಗಳಿರುತ್ತವೆ. ಒಳನುಗ್ಗುವ ತೇವವನ್ನು ಹೀರಿ ಹೀರಿ ಅವುಗಳ ಶಕ್ತಿ ಮುಗಿದಾಗಲೇ ಮಂಜು ಕಾಣಿಸುವುದು. ಬಿಸಿಗಾಳಿಗೆ ಒಣಗಿದರೂ ಸೀಲ್ ಕೂಡುವುದಿಲ್ಲ, ಮಂಜು ಮತ್ತೆ ಬರುತ್ತದೆ. ಟಫನ್ಡ್ ಗಾಜಾದರಂತೂ ಡ್ರಿಲ್ ಇಳಿದೊಡನೆ ಇಡೀ ಗಾಜು ಚೂರುಚೂರು!

ಇಡೀ ಕಿಟಕಿಯನ್ನೇ ಬದಲಿಸಬೇಕೆಂಬ ಮಾತಿಗೂ ಮರುಳಾಗಬೇಡಿ. ಫ್ರೇಮ್ ಗಟ್ಟಿಯಿದ್ದರೆ ಜೋಡಿ ಗಾಜನ್ನಷ್ಟೇ ಬದಲಿಸಿದರೆ ಸಾಕು. ಫ್ರೇಮ್‌ನ ಕೆಳಭಾಗದಲ್ಲಿ ನೀರು ಹೋಗುವ ಕಿಂಡಿಗಳ ಕಸವನ್ನು ಮಾತ್ರ ನೀವೇ ತೆಗೆಯಿರಿ. ಅಲ್ಲಿ ನೀರು ನಿಂತರೆ ಹೊಸ ಸೀಲ್ ಕೂಡ ಬೇಗ ಹಾಳಾಗುತ್ತದೆ.