ಹುಟ್ಟಿದ ತಿಂಗಳಲ್ಲೇ ಶ್ರವಣ ತಪಾಸಣೆ ನಡೆಯಲಿ



ಮಗು ಮಾತು ಕಲಿಯುವುದು ಕಿವಿಯಿಂದ. ಶ್ರವಣದೋಷವಿರುವ ಕೂಸು ಕೂಡ ಮೊದಲ ತಿಂಗಳುಗಳಲ್ಲಿ ಎಲ್ಲ ಮಕ್ಕಳಂತೆ ಅಳುತ್ತದೆ, ನಗುತ್ತದೆ. ಹಾಗಾಗಿ ದೋಷ ಮನೆಯವರ ಗಮನಕ್ಕೆ ಬರುವುದಿಲ್ಲ. ಎರಡು ವರ್ಷವಾದರೂ ಮಾತು ಬಾರದಿದ್ದರೆ ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂಬ ಸಮಾಧಾನದಲ್ಲಿ ಮತ್ತಷ್ಟು ಕಾಲ ಕಳೆದುಹೋಗುತ್ತದೆ. ಮಿದುಳು ಭಾಷೆಯನ್ನು ಚುರುಕಾಗಿ ಗ್ರಹಿಸುವ ವಯಸ್ಸೂ ಅದೇ.

ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎಂಬುದು ತಜ್ಞರು ಹೇಳುವ ಕ್ರಮ. ಒಎಇ (ಒಟೊಅಕೌಸ್ಟಿಕ್ ಎಮಿಷನ್) ಎಂಬ ತಪಾಸಣೆಯಲ್ಲಿ ಮಲಗಿದ ಮಗುವಿನ ಕಿವಿಗೆ ಮೃದು ತುದಿಯ ಪುಟ್ಟ ಸಾಧನವಿಟ್ಟು ಸದ್ದು ಕಳಿಸುತ್ತಾರೆ. ಒಳಕಿವಿ ಹೊರಡಿಸುವ ಕ್ಷೀಣ ಮರುಧ್ವನಿಯನ್ನು ಯಂತ್ರ ದಾಖಲಿಸುತ್ತದೆ. ನೋವಿಲ್ಲ, ಕೆಲವೇ ನಿಮಿಷ ಸಾಕು. ಮೊದಲ ಸಲ ಪಾಸಾಗದ ಮಕ್ಕಳಿಗೆಲ್ಲ ದೋಷವಿರುವುದಿಲ್ಲ. ಕಿವಿಯಲ್ಲಿ ಉಳಿದ ದ್ರವವೂ ಕಾರಣವಿರಬಹುದು. ಮರುತಪಾಸಣೆ, ಅಗತ್ಯವಿದ್ದರೆ ಸದ್ದಿಗೆ ಶ್ರವಣ ನರ ಮತ್ತು ಮಿದುಳುಕಾಂಡದ ಸ್ಪಂದನವನ್ನು ಅಳೆಯುವ ಬೆರಾ ಪರೀಕ್ಷೆಯಿಂದ ವಿಷಯ ಖಚಿತವಾಗುತ್ತದೆ.

ಶ್ರವಣ ಸಾಧನ ತೊಡಿಸಿದ ಮಾತ್ರಕ್ಕೆ ಮಾತು ಬಾರದು. ಟಿ.ವಿ. ಆರಿಸಿ, ಮಗುವಿನ ಎದುರು ಕುಳಿತು, ಬಟ್ಟೆ ತೊಡಿಸುವಾಗ ‘ಅಂಗಿ ಹಾಕೋಣವಾ? ಕೈ ಕೊಡು’ ಎನ್ನುತ್ತಾ ಉತ್ತರಕ್ಕೆ ತುಸು ಕಾಯಬೇಕು. ಮನೆಮಾತಿನಲ್ಲೇ ಮಾತಾಡಬೇಕು. ಮೊಬೈಲ್ ಪರದೆ ಈ ಕೆಲಸ ಮಾಡಲಾರದು.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆ, ತರಬೇತಿ ಎರಡೂ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟುಕಿವುಡೂ ಸೇರಿದೆ. ಆದರೂ ಹೆರಿಗೆಯಾಗುವ ಎಲ್ಲ ಕಡೆ ಶ್ರವಣ ತಪಾಸಣೆಯ ಸೌಲಭ್ಯವಿಲ್ಲ. ಲಸಿಕೆಯಂತೆ ಶ್ರವಣ ತಪಾಸಣೆಯೂ ತಾಯಿ ಕಾರ್ಡ್‌ನಲ್ಲಿ ಕಡ್ಡಾಯವಾಗಿ ದಾಖಲಾಗುವಂತೆ ಆರೋಗ್ಯ ಇಲಾಖೆ ಕ್ರಮ ಕೈಗೊಳ್ಳಬೇಕು.

– ಓದುಗರೊಬ್ಬರು, ಮೈಸೂರು