ಹಾರುವ ಮುನ್ನ ಮನೆಯಲ್ಲಿ ಹೇಳಿ



ಪುಣೆಯಲ್ಲಿ ಓದುತ್ತಿರುವ ನನ್ನ ತಮ್ಮನ ಮಗಳು ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಫೋನ್ ಮಾಡಿದಳು. "ದೊಡ್ಡಪ್ಪಾ, ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಬೇಕಂತ ಮುಂಗಡ ಕಟ್ಟೀನಿ. ಫಾರ್ಮಿನ್ಯಾಗ ಮನೆಯವರ ಹೆಸರು, ನಂಬರ್ ಬರೀಬೇಕು. ಅಪ್ಪಾಗ ಹೇಳೂ ಧೈರ್ಯ ಇಲ್ಲ. ನಿಮ್ಮ ಹೆಸರು ಬರೀಲೇನು?"

ಹತ್ತು ಸಾವಿರ ಅಡಿಯಿಂದ ಜಿಗಿಯುವ ಧೈರ್ಯವಿದೆ, ತಂದೆಗೆ ಹೇಳುವ ಧೈರ್ಯವಿಲ್ಲ! "ಅವ್ವಾ, ಅಲ್ಲಿ ನಿಮ್ಮಪ್ಪನ ಹೆಸರೇ ಇರಬೇಕು. ಏನಾದರೂ ಆದರೆ ಮೊದಲ ಫೋನ್ ಯಾರಿಗೆ ಹೋಗಬೇಕು, ನೀನೇ ಹೇಳು" ಎಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಮರುದಿನ ಸೋಲಾಪುರಕ್ಕೆ ಹೋಗಿ ಅಂಗಡಿಯ ಗಾದಿಯ ಮೇಲೆ ತಮ್ಮನ ಪಕ್ಕ ಕುಳಿತೆ. ಅವನು ಮೊದಲು ಕೂಗಾಡಿದ. ಸಿಟ್ಟು ಇಳಿದ ಮೇಲೆ ವ್ಯಾಪಾರಿಯ ಬುದ್ಧಿ ಎಚ್ಚರವಾಯಿತು. ಮಗಳಿಗೆ ಫೋನ್ ಹಚ್ಚಿ ಒಂದೊಂದಾಗಿ ಕೇಳತೊಡಗಿದ. ಅವಳು ಹಾರಿಸುವವರನ್ನು ವಿಚಾರಿಸಿ ಉತ್ತರ ತಂದಳು.

ಒಬ್ಬಳೇ ಹಾರುತ್ತಾಳೆಯೇ? ಇಲ್ಲ. ಮೊದಲ ಸಲದವರನ್ನು ಶಿಕ್ಷಕರ ಎದೆಗೆ ಪಟ್ಟಿಗಳಿಂದ ಬಿಗಿದು ಹಾರಿಸುತ್ತಾರೆ. ಇದಕ್ಕೆ ಟ್ಯಾಂಡಮ್ ಎನ್ನುತ್ತಾರೆ. ಸುಮಾರು ಅರ್ಧ ನಿಮಿಷ ಗಂಟೆಗೆ 200 ಕಿ.ಮೀ. ವೇಗದಲ್ಲಿ ಬೀಳುತ್ತಾರೆ. ಸುಮಾರು 5,000 ಅಡಿ ಎತ್ತರದಲ್ಲಿ ಪ್ಯಾರಾಚೂಟ್ ಬಿಚ್ಚುತ್ತದೆ. ಆಮೇಲೆ ಐದಾರು ನಿಮಿಷ ತೇಲುತ್ತ ಇಳಿಯುತ್ತಾರೆ.

ಅದು ಬಿಚ್ಚದಿದ್ದರೆ? ಶಿಕ್ಷಕರ ಬೆನ್ನಿಗೆ ಎರಡನೆಯ ಪ್ಯಾರಾಚೂಟ್ ಇರುತ್ತದೆ. ನೆಲ ಹತ್ತಿರವಾದರೂ ವೇಗ ಇಳಿಯದಿದ್ದರೆ ಅದನ್ನು ತಾನಾಗಿ ಬಿಚ್ಚುವ ಸಣ್ಣ ಯಂತ್ರವೂ ಇರುತ್ತದೆ. ಆ ಯಂತ್ರ ಉಂಟೇ, ಎರಡನೆಯ ಪ್ಯಾರಾಚೂಟನ್ನು ಮಡಿಸಿದ ತಾರೀಖು ಯಾವುದು ಎಂದು ಕೇಳುವ ಹಕ್ಕು ನಮಗಿದೆ.

ಶಿಕ್ಷಕರ ಅನುಭವ ಎಷ್ಟು? ಅಮೆರಿಕದ ನಿಯಮದಂತೆ ಟ್ಯಾಂಡಮ್ ಶಿಕ್ಷಕರಿಗೆ ಕನಿಷ್ಠ 3 ವರ್ಷಗಳ ಅನುಭವ ಮತ್ತು 500 ಜಿಗಿತಗಳಾಗಿರಬೇಕು. ಆ ಅಳತೆ ಹಿಡಿದು ಕೇಳಿರಿ.

ಯಾರು ಹಾರಬಾರದು? ಹೃದಯದ ತೊಂದರೆ, ಬೆನ್ನುಮೂಳೆಯ ನೋವು ಇದ್ದವರು, ಗರ್ಭಿಣಿಯರು ಹಾರಬಾರದು. ತೂಕಕ್ಕೂ ಮಿತಿಯುಂಟು. ಇಲ್ಲಿ ಸುಳ್ಳು ಹೇಳಿದರೆ ಮೋಸ ಹೋಗುವವರು ನಾವೇ.

ಅಪಾಯವೇ ಇಲ್ಲವೇ? ಇದೆ. 2023ರಲ್ಲಿ ಅಮೆರಿಕದಲ್ಲಿ ಸುಮಾರು 36.5 ಲಕ್ಷ ಜಿಗಿತಗಳಾದವು; ಹತ್ತು ಜನ ತೀರಿಕೊಂಡರು. ಲೆಕ್ಕ ಸಣ್ಣದು, ಸೊನ್ನೆಯಲ್ಲ. ಆದ್ದರಿಂದಲೇ ಕದ್ದು ಹೋಗಬಾರದು.

ಹಾರುವ ಮೈದಾನ ಹರಿಯಾಣದಲ್ಲಿತ್ತು. ದಿಲ್ಲಿಗೆ ಖರೀದಿಗೆ ಹೇಗೂ ಹೋಗಬೇಕಿದ್ದ ತಮ್ಮ ತಾನೂ ಮಗಳ ಜೊತೆ ಹೋದ. ಮೊದಲ ದಿನ ಗಾಳಿ ಜೋರಾಗಿತ್ತು. ಮೈದಾನದವರು ಯಾರನ್ನೂ ಹಾರಿಸಲಿಲ್ಲ. ಮಗಳು ಮುಖ ಸಣ್ಣ ಮಾಡಿಕೊಂಡಳು. ತಮ್ಮ ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟು: "ಅಣ್ಣಾ, ಗಿರಾಕಿ ರೊಕ್ಕ ಹಿಡಿದು ನಿಂತಾಗ ಇವತ್ತು ಮಾಲು ಕೊಡಂಗಿಲ್ಲ ಅಂದ್ರಲ್ಲ, ಈಗ ನನಗ ವಿಶ್ವಾಸ ಬಂತು."

ಮರುದಿನ ಮುಂಜಾನೆ ಗಾಳಿ ಇಳಿದಿತ್ತು. ಅವಳು ಹಾರಿದಳು. ಕಾಲು ಮುಂದೆ ಎತ್ತಿ, ಕಲಿಸಿದಂತೆ ಕುಳಿತೇ ಇಳಿದಳು. ತಮ್ಮ ಅಷ್ಟು ಹೊತ್ತು ನೀರು ಸಹ ಕುಡಿದಿರಲಿಲ್ಲವಂತೆ.

ಈಗ ಒಬ್ಬಳೇ ಹಾರಲು ಕಲಿಯಬೇಕು ಎನ್ನುತ್ತಾಳೆ. ಅದಕ್ಕೆ ನೆಲದ ಮೇಲೆ ತರಗತಿ, ನಂತರ ಶಿಕ್ಷಕರು ಪಕ್ಕದಲ್ಲಿ ಹಿಡಿದು ಹಾರಿಸುವ ಏಳೆಂಟು ಹಂತಗಳಿವೆ. ಅಮೆರಿಕದ ಮೊದಲ ಲೈಸೆನ್ಸಿಗೆ ಕನಿಷ್ಠ 25 ಜಿಗಿತ ಬೇಕು. ಪುಣೆಯವರೇ ಆದ ಶೀತಲ್ ಮಹಾಜನ್ 2004ರಲ್ಲಿ ಉತ್ತರ ಧ್ರುವದ ಮೇಲೆ ಹಾರಿದವರು, 2011ರಲ್ಲಿ ಪದ್ಮಶ್ರೀ ಪಡೆದವರು. ಹುಡುಗಿಯರಿಗೆ ಇದು ಸಲ್ಲದು ಎಂಬ ಮಾತು ಇನ್ನು ನಡೆಯದು. ಖರ್ಚಿನ ಲೆಕ್ಕವನ್ನು ಮಾತ್ರ ತಂದೆ ಮಗಳು ಕೂಡಿ ಹಾಕಲಿ.

ಮಕ್ಕಳೇ, ಮೊದಲು ಮನೆಯಲ್ಲಿ ಹೇಳಿ. ಹಿರಿಯರೇ, ಬೇಡ ಎನ್ನುವ ಮೊದಲು ಕೇಳಿ. ಕೇಳುವ ಬಾಗಿಲು ಮುಚ್ಚಿದ ಮನೆಯಲ್ಲಿ ಫಾರ್ಮಿನ ಮೇಲೆ ಬೇರೆಯವರ ಹೆಸರು ಬೀಳುತ್ತದೆ.