ಸ್ವಿಚ್ಚಿನೊಳಗಿನ ಸಾಲು: ಯಾರ ಸರದಿ ಮೊದಲು?

ಕೃಷ್ಣರಾಜಪುರ ದಾಟಿ ವೈಟ್‌ಫೀಲ್ಡಿನ ಕಡೆ ಹೋದರೆ ಐಟಿ ಕಚೇರಿಗಳ ನಡುವೆ ಡೇಟಾ ಸೆಂಟರ್‌ಗಳೂ ಸಿಗುತ್ತವೆ. ನಾವು ಫೋನಿನಲ್ಲಿ ಏನನ್ನಾದರೂ ಹುಡುಕಿದಾಗ ಅದರ ಉತ್ತರ ಒಂದೇ ಸರ್ವರಿನಿಂದ ಬರುವುದು ಅಪರೂಪ. ಇಂಥ ಕಟ್ಟಡಗಳಲ್ಲಿ ಹತ್ತಾರು ಸರ್ವರ್‌ಗಳು ತಮ್ಮ ಪಾಲಿನ ಚೂರನ್ನು ಕಳಿಸುತ್ತವೆ, ಇನ್ನೊಂದು ಅವನ್ನೆಲ್ಲ ಜೋಡಿಸುತ್ತದೆ. ಆ ಚೂರುಗಳನ್ನು ಸರಿಯಾದ ದಾರಿಗೆ ಹತ್ತಿಸುವ ಯಂತ್ರವೇ ಸ್ವಿಚ್.

ಮಾಹಿತಿ ಸಾಗುವುದು ಪ್ಯಾಕೆಟ್‌ಗಳಲ್ಲಿ, ಅಂದರೆ ಸಾಮಾನ್ಯವಾಗಿ 1500 ಬೈಟ್ ಮೀರದ ಪೊಟ್ಟಣಗಳಲ್ಲಿ. ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ಪೋರ್ಟ್, ಅಂದರೆ ಸ್ವಿಚ್ಚಿಗೆ ಕೇಬಲ್ ಸೇರುವ ಕಿಂಡಿ, ಅಂಥದೊಂದನ್ನು 1.2 ಮೈಕ್ರೊಸೆಕೆಂಡಿನಲ್ಲಿ ಹೊರಕ್ಕೆ ಕಳಿಸುತ್ತದೆ. ಇಷ್ಟು ವೇಗವಿದ್ದರೂ ಸಾಲು ಬೆಳೆಯುವುದೇಕೆ? ನಲವತ್ತು ಸರ್ವರ್‌ಗಳ ಉತ್ತರ ಒಂದೇ ಕ್ಷಣಕ್ಕೆ ಬಂದಿಳಿದಾಗ ಹೊರಹೋಗುವ ಪೋರ್ಟ್ ಮಾತ್ರ ಒಂದೇ ಇರುತ್ತದೆ. ಟಿನ್ ಫ್ಯಾಕ್ಟರಿ ಬಳಿ ಹೊರವರ್ತುಲ ರಸ್ತೆಯ ವಾಹನಗಳೂ ಹಳೆ ಮದ್ರಾಸ್ ರಸ್ತೆಯ ವಾಹನಗಳೂ ತೂಗುಸೇತುವೆಯತ್ತ ಒಟ್ಟಿಗೆ ನುಗ್ಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಸೇತುವೆಯ ಬಳಿ ಜಾಗ ಸಿಗದ ಬಸ್ಸು ಹಿಂದೆ ನಿಲ್ಲುತ್ತದೆ. ಬಫರಿನಲ್ಲಿ, ಅಂದರೆ ಸರದಿಗೆ ಕಾಯುವ ಮೆಮರಿಯಲ್ಲಿ, ಜಾಗ ಸಿಗದ ಪ್ಯಾಕೆಟ್ ಇಲ್ಲವಾಗಿಯೇ ಹೋಗುತ್ತದೆ. ಕಳಿಸಿದವರು ಅದನ್ನು ಮತ್ತೆ ಕಳಿಸಬೇಕು. ಕಟ್ಟಡದೊಳಗೆ ಪ್ಯಾಕೆಟ್ ಹೋಗಿ ಬರಲು ಸಾಮಾನ್ಯವಾಗಿ ಒಂದು ಮಿಲಿಸೆಕೆಂಡೂ ಬೇಡ. ಆದರೆ ಕಳೆದುಹೋಗಿದೆ ಎಂಬುದಕ್ಕೆ ಬೇರೆ ಸುಳಿವು ಸಿಗದಿದ್ದರೆ ಕಳಿಸಿದ ಸರ್ವರಿನ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ವಾಡಿಕೆಯಂತೆ ಕನಿಷ್ಠ 200 ಮಿಲಿಸೆಕೆಂಡ್ ಕಾಯುತ್ತದೆ. ಒಂದು ಚೂರಿನಿಂದಾಗಿ ಇಡೀ ಉತ್ತರ ತಡವಾಗುತ್ತದೆ.

ಹಾಗಾದರೆ ಬಫರನ್ನೇ ಹಿಗ್ಗಿಸಬಾರದೇಕೆ? ನೆಟ್‌ವರ್ಕ್ ತಜ್ಞ ಜಾನ್ ನೇಗಲ್ ಈ ಪ್ರಶ್ನೆಯನ್ನು 1985ರಲ್ಲೇ ಎತ್ತಿಕೊಂಡು, ಮೆಮರಿ ಅನಂತವಾಗಿದ್ದರೂ ದಟ್ಟಣೆ ತಪ್ಪದೆಂದು ವಿವರಿಸಿದರು. ಸಾಲು ಉದ್ದವಾದಷ್ಟೂ ಕಾಯುವಿಕೆ ಉದ್ದವಾಗುತ್ತದೆ, ಅಷ್ಟೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತನ್ನೂ ಅವರು ಹೇಳಿದರು. ಬಂದವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಹೆಚ್ಚು ಕಳಿಸಿದವನಿಗೇ ಹೆಚ್ಚು ಪಾಲು ಸಿಗುತ್ತದೆ. ಸಂಯಮದಿಂದ ಕಳಿಸುವವನಿಗೆ ನಷ್ಟ. ಆದ್ದರಿಂದ ಕಳಿಸುವ ಒಬ್ಬೊಬ್ಬರಿಗೂ ಬೇರೆ ಸಾಲು ಮಾಡಿ, ಸರದಿಯಂತೆ ಒಂದೊಂದು ಪ್ಯಾಕೆಟ್ ಬಿಡಬೇಕು ಎಂದರು.

ಇದರಲ್ಲೂ ಒಂದು ತೊಡಕು ಉಳಿಯಿತು. ಪ್ಯಾಕೆಟ್‌ಗಳ ಗಾತ್ರ ಒಂದೇ ಅಲ್ಲ, ದೊಡ್ಡವನ್ನು ಕಳಿಸುವವರಿಗೆ ಲಾಭ. 1995ರಲ್ಲಿ ಸಂಶೋಧಕರಾದ ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ ಸೂಚಿಸಿದ ಪರಿಹಾರ ಲೆಕ್ಕಪುಸ್ತಕದಷ್ಟು ಸರಳ. ಪ್ರತಿ ಸುತ್ತಿನಲ್ಲೂ ಪ್ರತಿ ಸಾಲಿಗೆ 500 ಬೈಟ್ ಜಮೆ ಆಗುತ್ತದೆ ಎನ್ನೋಣ. ಒಂದು ಸಾಲಿನ ಮುಂದೆ 1200 ಬೈಟ್‌ಗಳ ಪ್ಯಾಕೆಟ್ ನಿಂತಿದೆ. ಮೊದಲ ಸುತ್ತಿಗೆ ಜಮೆ 500, ಎರಡನೆಯದಕ್ಕೆ 1000, ಎರಡೂ ಸಾಲವು. ಮೂರನೆಯ ಸುತ್ತಿಗೆ 1500 ಆದಾಗ ಪ್ಯಾಕೆಟ್ ಹೊರಡುತ್ತದೆ, ಮಿಕ್ಕ 300 ಮುಂದಿನ ಸುತ್ತಿಗೆ ಉಳಿಯುತ್ತದೆ. ಪಕ್ಕದ ಸಾಲಿನ 200 ಬೈಟ್‌ಗಳ ಪುಟ್ಟ ಪ್ಯಾಕೆಟ್‌ಗಳು ಅಷ್ಟರಲ್ಲಿ ಏಳು ಹೋಗಿರುತ್ತವೆ. ಸಾಲು ಖಾಲಿಯಾದರೆ ಜಮೆಯೂ ಸೊನ್ನೆ. ಸುಮ್ಮನಿದ್ದು ಕೂಡಿಟ್ಟು ಆಮೇಲೆ ಒಮ್ಮೆಲೇ ನುಗ್ಗುವಂತಿಲ್ಲ.

ಸರದಿಯಷ್ಟೇ ಅಲ್ಲ, ಮೆಮರಿಯ ಹಂಚಿಕೆಯೂ ಇದೆ. ಅನೇಕ ಸ್ವಿಚ್‌ಗಳಲ್ಲಿ ಎಲ್ಲ ಪೋರ್ಟ್‌ಗಳಿಗೂ ಬಫರ್ ಒಂದೇ. ಸಂಶೋಧಕರಾದ ಚೌಧರಿ ಮತ್ತು ಹಾನ್ 1998ರಲ್ಲಿ ವಿವರಿಸಿದ ನಿಯಮದ ಪ್ರಕಾರ, ಪ್ರತಿ ಸಾಲಿನ ಮಿತಿ ಆ ಕ್ಷಣಕ್ಕೆ ಖಾಲಿ ಇರುವ ಜಾಗಕ್ಕೆ ಹೊಂದಿಕೊಂಡಿರುತ್ತದೆ. ಮಿತಿಯೂ ಖಾಲಿ ಜಾಗವೂ ಸಮ ಎಂದಿಟ್ಟುಕೊಂಡರೆ, ದಟ್ಟಣೆಯ ಪೋರ್ಟ್ ಒಂದೇ ಇದ್ದಾಗ ಅದಕ್ಕೆ ಅರ್ಧ ಬಫರ್, ಎರಡಿದ್ದರೆ ತಲಾ ಮೂರನೇ ಒಂದು. ಯಾವಾಗಲೂ ಒಂದಿಷ್ಟು ಜಾಗ ಹೊಸಬರಿಗೆಂದು ಉಳಿದಿರುತ್ತದೆ. ಈ ನಿಯಮದ ಚೆಲುವೇ ಅದು.

ಸಾಲು ತುಂಬುವ ಮೊದಲೇ ಕಳಿಸುವವರನ್ನು ಎಚ್ಚರಿಸುವ ದಾರಿಯೂ ಇದೆ. 2010ರಲ್ಲಿ ಮೈಕ್ರೋಸಾಫ್ಟ್ ಮತ್ತು ಸ್ಟ್ಯಾನ್‌ಫರ್ಡ್ ಸಂಶೋಧಕರು ಪ್ರಕಟಿಸಿದ ಡಿಸಿಟಿಸಿಪಿ ಎಂಬ ವಿಧಾನದಲ್ಲಿ ಸಾಲು ಒಂದು ಗೆರೆ ದಾಟುತ್ತಲೇ ಸ್ವಿಚ್ ಪ್ಯಾಕೆಟ್‌ಗಳ ಮೇಲೆ ಗುರುತು ಹಾಕುತ್ತದೆ. ನೂರಕ್ಕೆ ನೂರರ ಮೇಲೂ ಗುರುತಿದ್ದರೆ ಕಳಿಸುವವರು ವೇಗವನ್ನು ಅರ್ಧಕ್ಕಿಳಿಸುತ್ತಾರೆ. ಹತ್ತರ ಮೇಲಷ್ಟೇ ಇದ್ದರೆ ಶೇ 5ರಷ್ಟು ಮಾತ್ರ ತಗ್ಗಿಸುತ್ತಾರೆ. ಆದರೆ ಇದು ನಡೆಯುವುದು ಎಲ್ಲರೂ ಗುರುತಿಗೆ ಬೆಲೆ ಕೊಟ್ಟಾಗ. ಕೊಡದವರಿಂದ ಉಳಿದವರನ್ನು ಕಾಯಲು ಬೇರೆ ಬೇರೆ ಸಾಲುಗಳು ಬೇಕೇ ಬೇಕು.

ಯಾವ ಸಾಲಿಗೆ ಎಷ್ಟು ಜಮೆ, ಯಾವುದಕ್ಕೆ ಎಷ್ಟು ಮಿತಿ ಎಂದು ನಿರ್ಧರಿಸುವವರು ಮನುಷ್ಯರೇ. ಹಾಗಾಗಿ ಪಹಣಿ, ಪಡಿತರದಂಥ ಸಾರ್ವಜನಿಕ ಸೇವೆಗಳನ್ನು ಹೊತ್ತ ಕೇಂದ್ರಗಳು ಸ್ವಿಚ್ ಕೊಳ್ಳುವಾಗ ಎಷ್ಟು ಗಿಗಾಬಿಟ್ ಎಂದಷ್ಟೇ ಕೇಳಿದರೆ ಸಾಲದು ಎಂಬುದು ನನ್ನ ಅಭಿಪ್ರಾಯ. ಸಾಲುಗಳ ನಿಯಮಗಳನ್ನು ಟೆಂಡರಿನಲ್ಲೇ ಬರೆಸಬೇಕು. ಅದನ್ನು ಪರಿಶೀಲಿಸಬಲ್ಲವರು ಬೆಂಗಳೂರಿನಲ್ಲೇ ಇದ್ದಾರೆ: ಈ ಸಾಲುಗಳ ಗಣಿತವನ್ನು ಕಲಿಸುವ, 2004ರಲ್ಲಿ ಪ್ರಕಟವಾದ ಪಠ್ಯಪುಸ್ತಕದ ಮೂವರು ಲೇಖಕರಲ್ಲಿ ಅನುರಾಗ್ ಕುಮಾರ್ ಮತ್ತು ಜಾಯ್ ಕುರಿ ಭಾರತೀಯ ವಿಜ್ಞಾನ ಸಂಸ್ಥೆಯವರು. ಒಪ್ಪಿಸಿಕೊಳ್ಳುವ ಮುನ್ನ ಒಂದು ಪರೀಕ್ಷೆ ಕಡ್ಡಾಯವಾಗಲಿ. ಭಾರಿ ಬ್ಯಾಕಪ್ ಒಂದನ್ನು ಸ್ವಿಚ್ಚಿನ ಮೂಲಕ ಹರಿಸುತ್ತಿರುವಾಗಲೇ ಪಹಣಿಯ ಒಂದು ಸಣ್ಣ ಕೋರಿಕೆಯನ್ನೂ ಕಳಿಸಿ, ಅದು ಎಷ್ಟು ತಡವಾಗುತ್ತದೆಂದು ಅಳೆದು, ಆ ಅಂಕಿಯನ್ನು ಪ್ರಕಟಿಸಬೇಕು.